ಎಂಟರ ಭೋಂಗಾಕ್ಕೆ ಆಯಿ ಬೈದದ್ದು

ನಮ್ಮ ಆಯಿ ಯಾರನ್ನಾದರೂ ಬೈಯುವ ಮೊದಲು ಬಾಯಿ ತೊಳೆದುಕೊಳ್ಳುತ್ತಿದ್ದಳು.

ಆಯಿ ಅಂದರೆ ನನ್ನ ಅವ್ವನ ಅವ್ವ. ಅಲಖನೂರಿನಲ್ಲಿ ಅವಳ ಮನೆ. ಬೆಳಿಗ್ಗೆ ಎದ್ದವಳೇ ಅಂಗೈಯಲ್ಲಿ ನಿಪ್ಪಾಣಿ ತಂಬಾಕು, ಸುಣ್ಣ ಹಾಕಿ ತಿಕ್ಕಿ ಎಡದವಡೆಯಲ್ಲಿ ಇಟ್ಟುಕೊಂಡಳೆಂದರೆ, ಅದು ಮಲಗುವ ತನಕ ಹಳೆಯ ಬಾಡಿಗೆದಾರನ ಹಾಗೆ ಅಲ್ಲೇ ಇರುತ್ತಿತ್ತು. ಊಟದ ಹೊತ್ತಿಗೆ ಮಾತ್ರ ಹೊಸದಕ್ಕೆ ಜಾಗ ಬಿಡುತ್ತಿತ್ತು. ತುಟಿ ಪೂರಾ ತೆರೆದರೆ ರಸ ಸೋರುತ್ತದೆ ಎಂದು ಅವಳು ತುಟಿ ತೆರೆಯದೆಯೇ ಮಾತಾಡುತ್ತಿದ್ದಳು. ಹೊಸಬರಿಗೆ ಅದು ಎಮ್ಮೆ ದೂರದಿಂದ ಕರುವನ್ನು ಕರೆದ ಹಾಗೆ ಕೇಳಿಸುತ್ತಿತ್ತು. ನಮಗೆ ಎಲ್ಲ ತಿಳಿಯುತ್ತಿತ್ತು. ನಾನು ಕನ್ನಡ ಕಲಿತದ್ದೇ ಅವಳ ತೊಡೆಯ ಮೇಲೆ ಕೂತು. ಶಾಲೆಗೆ ಸೇರಿದ ಹೊಸದರಲ್ಲಿ ನಾನೂ ತುಟಿ ಬಿಚ್ಚದೆ ಮಾತಾಡುತ್ತಿದ್ದೆನಂತೆ. ಮಾಸ್ತರರು ಹತ್ತಿರ ಕರೆದು, "ಬಾಯಾಗ ಏನ್ ಐತಿ, ತೋರಸ" ಅಂದಿದ್ದರಂತೆ.

ದೇವರ ಹೆಸರನ್ನು ಕೂಡ ಆಯಿ ತಂಬಾಕಿನ ಬಾಯಲ್ಲೇ ಹೇಳುತ್ತಿದ್ದಳು. ಮಡಿ ಇದ್ದದ್ದು ಬೈಗುಳಕ್ಕೆ ಮಾತ್ರ. ಬೈಯುವ ಪ್ರಸಂಗ ಬಂತೆಂದರೆ ತಂಬಾಕನ್ನು ಬೆರಳಿನಿಂದ ತೆಗೆದು ಕಟ್ಟೆಯ ಕೆಳಗೆ ಒಗೆಯುವಳು, ಒಂದು ತಂಬಿಗೆ ನೀರು ತರುವಳು, ಗುಳುಗುಳು ಮಾಡಿ ಅಂಗಳಕ್ಕೆ ಉಗುಳುವಳು. ಆ ಗುಳುಗುಳು ಕೇಳಿದರೆ ಓಣಿಯ ನಾಯಿಗಳು ಎದ್ದು ಆಚೆ ಹೋಗುತ್ತಿದ್ದವು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು ಶುರು ಮಾಡಿದಳೆಂದರೆ ಒಂದೊಂದು ಅಕ್ಷರವೂ ತೊಳೆದಿಟ್ಟ ಹಿತ್ತಾಳೆ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಇಷ್ಟು ಚೆಂದ ಮಾತಾಡಲು ಬರುವ ಹೆಂಗಸು ಉಳಿದ ಹೊತ್ತೆಲ್ಲ ಯಾಕೆ ಹಾಗೆ ಗೊಣಗುತ್ತಾಳೆ ಎಂದು ಕೇಳಿದರೆ, "ಛಲೋ ಮಾತು ಛಲೋ ಕೆಲಸಕ್ಕ ಇಡಬೇಕು" ಅನ್ನುತ್ತಿದ್ದಳು.

ಆ ಛಲೋ ಮಾತಿನ ಬಹುಪಾಲು ಪಕ್ಕದ ಮನೆಗೆ ಹೋಗುತ್ತಿತ್ತು. ಪಕ್ಕದಲ್ಲಿ ಗಾರೆ ಕೆಲಸದ ಒಬ್ಬ ಗೌಂಡಿಯ ಸಂಸಾರ. ಮುಸಲ್ಮಾನರು, ನಾಲ್ಕು ತಲೆಮಾರಿನಿಂದ ಅಲ್ಲೇ ಇದ್ದವರು. ಗೌಂಡಿ ಪಾರಿವಾಳ ಸಾಕಿದ್ದ, ಅವನ ಹೆಂಡತಿ ಆಡು ಸಾಕಿದ್ದಳು. ಆಡು ನಮ್ಮ ಹಿತ್ತಲಿನ ಮೆಂತೆಪಲ್ಯ ತಿನ್ನುತ್ತಿತ್ತು. ಆದರೆ ಜಗಳದ ಬೇರು ಮೆಂತೆಯಲ್ಲಿ ಇರಲಿಲ್ಲ, ಗೋಡೆಯಲ್ಲಿತ್ತು.

ಎರಡೂ ಮನೆಗೆ ಸೇರಿ ಒಂದೇ ಮಣ್ಣಿನ ಗೋಡೆ, ಅದರ ಬುಡದಲ್ಲಿ ಗಟಾರು. ಒಂದು ಮಳೆಗಾಲ ಆ ಗಟಾರಿಗೆ ಕಬ್ಬಿನ ಒಣ ಗರಿಯ ರವದಿ, ಪ್ಲಾಸ್ಟಿಕ್ ಚೀಲ ಎಲ್ಲ ಸೇರಿ ಗಂಟು ಬಿತ್ತು. ನೀರು ನಿಂತಿತು. ಗೌಂಡಿ ನಾಳೆ ತೆಗೆಯುತ್ತೇನೆ ಅಂದ. ನಾಳೆಗೆ ಇನ್ನೊಂದು ನಾಳೆ ಹುಟ್ಟಿತು. ಗೋಡೆ ಕೂತಲ್ಲೇ ನೀರು ಕುಡಿಯಿತು. ಕೊನೆಗೊಂದು ದಿನ ಅವನು ಹಾರೆ ತಂದು ಮೈಯೆಲ್ಲ ಬಲ ಹಾಕಿ ಗಂಟಿಗೆ ತಿವಿದ. ಗಂಟೇನೋ ಹೋಯಿತು. ತಡೆದು ನಿಂತಿದ್ದ ನೀರು ಒಮ್ಮೆಲೇ ನುಗ್ಗಿ ನೆನೆದ ಬುಡವನ್ನು ಕೂಡ ಕರೆದುಕೊಂಡು ಹೋಯಿತು. ಗೋಡೆ ಬೀಳಲಿಲ್ಲ, ಮುದುಕ ಕೂತ ಹಾಗೆ ಮೆಲ್ಲಗೆ ಆಯಿಯ ಅಡುಗೆಮನೆಯೊಳಗೆ ಕೂತಿತು. ಅಲ್ಲಿ ಹೆಪ್ಪು ಹಾಕಿಟ್ಟ ಹಾಲಿತ್ತು. ಊರಿಗೆಲ್ಲ ಗೋಡೆ ಕಟ್ಟುವ ಗೌಂಡಿ ತನ್ನ ಗೋಡೆ ತಾನೇ ಕೆಡವಿದ ಎಂದು ಅಲಖನೂರು ವರ್ಷವಿಡೀ ನಕ್ಕಿತು. ಪಾಪ, ಅವನು ಮೊದಲಿಗಿಂತ ಗಟ್ಟಿಯಾಗಿ ಇಟ್ಟಿಗೆ ಸಿಮೆಂಟಿನಲ್ಲಿ ಮತ್ತೆ ಕಟ್ಟಿಕೊಟ್ಟ. ಆಯಿ ಒಪ್ಪಲಿಲ್ಲ.

"ಮದಲನೇ ದಿನಾನ ಗಂಟ ತಗದಿದ್ರ ಗೋಡಿ ಉಳೀತಿತ್ತು," ಅನ್ನುತ್ತಿದ್ದಳು. "ನೆನದ ಗೋಡಿ ಬುಡಕ್ಕ ಯಾರರೆ ನೀರು ಬಿಡ್ತಾರೇನು?"

ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೆವೆಂದರೆ, ನನ್ನ ಮಾಮಾ, ಎಂದರೆ ಆಯಿಯ ಮಗ, ಅದನ್ನು ಕೇಳಿದ ಕೂಡಲೇ ಆಕಳಿಸುತ್ತಿದ್ದ.

ಇನ್ನು ಆ ಭಾನುವಾರದ ಮಾತು. ಕಬ್ಬಿನ ಹಂಗಾಮು. ನಾನು ಚಿಕ್ಕೋಡಿಯಲ್ಲಿ ಶಾಲೆ ಕಲಿಸುವವಳು. ರಜೆ ಇತ್ತೆಂದು ಬೆಳಗಿನ ಬಸ್ಸು ಹಿಡಿದು ಬಂದಿದ್ದೆ. ಮಾಮಾ ಹೊಲಕ್ಕೆ ಹೋಗಿದ್ದ. ಮಾಮಿ ಗಿರಣಿಗೆ ಜೋಳ ಒಯ್ದಿದ್ದಳು. ಆಯಿ ಒಬ್ಬಳೇ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನಾನು ಕಾಲು ಮುಟ್ಟಿ ಪಕ್ಕದಲ್ಲಿ ಕೂತು ನಮ್ಮ ಶಾಲೆಯ ರಾಜಕೀಯ ಹೇಳತೊಡಗಿದೆ. ಹೆಡ್ಮಾಸ್ತರರು ಹೀಗೆ ಅಂದರು, ನಾನು ಹಾಗೆ ಅಂದೆ. ಆಯಿ "ಹ್ಞೂಂ" ಅಂದಳು. ಇನ್ನಷ್ಟು ಹೇಳಿದೆ. "ಹ್ಞೂಂ." ಇಷ್ಟು ಸಮಾಧಾನದಿಂದ ಅವಳು ನನ್ನ ಮಾತು ಎಂದೂ ಕೇಳಿರಲಿಲ್ಲ. ವಯಸ್ಸಾದ ಮೇಲೆ ಮನುಷ್ಯರು ಮೆತ್ತಗಾಗುತ್ತಾರೆ ಎಂದು ನನ್ನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮಾಮಿ ಹಿಟ್ಟಿನ ಡಬ್ಬಿ ಹೊತ್ತು ಬಂದಳು. ಅತ್ತೆಯ ಕಡೆ ಒಂದು ಸಲ ನೋಡಿ ಡಬ್ಬಿ ಕೆಳಗಿಟ್ಟಳು.

"ರಸ ಸೋರಾಕತ್ತೈತಿ," ಅಂದಳು.

ನೋಡಿದೆ. ಆಯಿಯ ತುಟಿಯ ಬಲ ಅಂಚಿನಿಂದ ಕಂದು ಗೆರೆಯೊಂದು ಇಳಿದು ಸೀರೆಯ ಮೇಲೆ ಬೀಳುತ್ತಿತ್ತು. ಇಷ್ಟು ವರ್ಷಗಳಲ್ಲಿ ಒಂದು ಹನಿ ಹಾಳು ಮಾಡಿದವಳಲ್ಲ.

"ಅತ್ತಿ, ಎರಡೂ ಕೈ ಎತ್ತರಿ ನೋಡೂನು."

ಎಡಗೈ ಎದ್ದಿತು. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು.

ಮಾಮಾನಿಗೆ ಫೋನು ಹೋಯಿತು. ಅವನು ಮೋಟರ್‌ಸೈಕಲ್ಲಿನ ಮೇಲೆ ಹಾರಿ ಬಂದವನೇ ಮಾಡಿದ ಮೊದಲ ಕೆಲಸ ಪಕ್ಕದ ಮನೆಯ ಬಾಗಿಲಿಗೆ ಹೋದದ್ದು. ನಮ್ಮ ಕಡೆ ಲಕ್ವಾ ಹೊಡೆದರೆ ಪಾರಿವಾಳದ ಬಿಸಿ ರಕ್ತ ತಿಕ್ಕಬೇಕೆಂದು ಒಂದು ನಂಬಿಕೆ; ಲಕ್ವಾ ಗುಣವಾಗುತ್ತದೋ ಇಲ್ಲವೋ, ಪಾರಿವಾಳದ ಕತೆ ಮಾತ್ರ ಮುಗಿಯುತ್ತದೆ. "ಒಂದು ಪಾರಿವಾಳ ಕೊಡ ಬೇ, ಲಗೂನ," ಅಂದ.

ಗೌಂಡಿಯ ಹೆಂಡತಿ ಸೆರಗು ತಲೆಗೆ ಎಳೆದುಕೊಳ್ಳುತ್ತ ಹೊರಗೆ ಬಂದಳು. "ಒಂದ್ಯಾಕ, ಹತ್ತು ಕೊಡ್ತೇನಿ. ಆಯಿನ್ನ ಹೊತಗೊಂಡು ಮಿರಜಿಗೆ ಹಾರತಾವೇನು? ಗಾಡಿ ತಗೀರಿ ಮದಲ."

ಆಯಿಯನ್ನು ಮಾಮಾ ತೆಗೆದ ಕಾರಿನ ಹಿಂದಿನ ಸೀಟಿಗೆ ಎತ್ತಿ ಮಲಗಿಸಿದವಳೂ ಅವಳೇ. ಆಯಿಯ ಒಂದು ಪಕ್ಕದ ಕಣ್ಣು ಅವಳನ್ನೇ ನೋಡುತ್ತಿತ್ತು. ಬಾಯಿ ಇದ್ದಿದ್ದರೆ ಏನು ಹೇಳುತ್ತಿತ್ತೋ.

ರಾಯಬಾಗ, ಅಥಣಿ, ಕಾಗವಾಡದ ಕಡೆ ಯಾರ ಜೀವಕ್ಕೆ ಏನಾದರೂ ಗಾಡಿ ತಾನಾಗಿ ಮಿರಜಿನ ದಿಕ್ಕಿಗೆ ತಿರುಗುತ್ತದೆ. ಕುಡಚಿ ದಾಟಿ ಕೃಷ್ಣೆಯ ಸೇತುವೆ ಹತ್ತಿದರೆ ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದಕ್ಕೆ ಜೋಡಿಸಿದ ಎರಡು ಡಬ್ಬಿ, ಮೇಲೆ ಗುಡ್ಡದಷ್ಟು ಕಬ್ಬು. ಟ್ರ್ಯಾಕ್ಟರಿನ ಡ್ರೈವರ್ ಮರಾಠಿ ಹಾಡು ಹಚ್ಚಿಕೊಂಡು ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಮಾಮಾ ಹಾರ್ನ್ ಒತ್ತಿ ಒತ್ತಿ ಹಾರ್ನಿನ ಗಂಟಲೇ ಬಿದ್ದು ಹೋಯಿತು. ಹಿಂದೆ ಮಾಮಿಯ ತೊಡೆಯ ಮೇಲೆ ಆಯಿಯ ತಲೆ. ತಂಬಾಕು ಗಂಟಲಿಗೆ ಇಳಿದೀತೆಂದು ಮಾಮಿ ಬೆರಳು ಹಾಕಿ ತೆಗೆಯಲು ನೋಡಿದಳು. ಆಯಿ ಕಚ್ಚಿದಳು.

"ಕಚ್ಚಿದ್ರು," ಅಂದಳು ಮಾಮಿ, ಬೆರಳು ಜಾಡಿಸುತ್ತ. ಅವಳ ಮುಖದಲ್ಲಿ ನಾನು ಆ ದಿನ ಕಂಡ ಮೊದಲ ನಗು ಅದು. ಎರಡನೇ ಪ್ರಯತ್ನಕ್ಕೆ ತಂಬಾಕು ಹೊರಗೆ ಬಂತು.

ಉಗಾರ ದಾಟಿದ ಮೇಲೆ ಮಾಮಾ ನಮಗೆ ಪಾಠ ಹೇಳಿಕೊಟ್ಟ. "ಡಾಕ್ಟರ ಯಾವಾಗ ಆತು ಅಂತ ಕೇಳಿದ್ರ, ಈಗಷ್ಟ ಆತ್ರಿ ಅನ್ರಿ. ತಿಳೀತಿಲ್ಲ?"

ಇದು ಅವನೊಬ್ಬನ ಬುದ್ಧಿಯಲ್ಲ. ನಮ್ಮ ಕಡೆ ಎಲ್ಲ ರೋಗಗಳೂ ದವಾಖಾನೆಯ ಬಾಗಿಲಲ್ಲೇ ಹುಟ್ಟುತ್ತವೆ. ವಾರದಿಂದ ಜ್ವರ ಬಂದವನೂ ಡಾಕ್ಟರ ಮುಂದೆ ಕೂತ ಕೂಡಲೇ "ನಿನ್ನೆ ಸಂಜಿಂದ್ರಿ" ಅನ್ನುತ್ತಾನೆ. ತಡ ಮಾಡಿದಿರಿ ಎಂದು ಬೈಸಿಕೊಳ್ಳಬಾರದು. ತಡವಾಯಿತು, ಕೈಲಾಗದು ಎಂದು ಅವರು ಹಿಂದಕ್ಕೆ ಕಳಿಸಬಾರದು. ಡಾಕ್ಟರಿಗೆ ಹೇಳುವ ಹೊತ್ತನ್ನು ಕಡಿಮೆ ಮಾಡಿ ಹೇಳುವುದು ನಮ್ಮಲ್ಲಿ ಸುಳ್ಳಿನ ಲೆಕ್ಕಕ್ಕೇ ಬರುವುದಿಲ್ಲ. ಅದೊಂದು ಮರ್ಯಾದೆ.

ಮಿರಜಿನ ಆಸ್ಪತ್ರೆಯಲ್ಲಿ ಆಯಿಯನ್ನು ಗಾಲಿಮಂಚದ ಮೇಲೆ ನೇರವಾಗಿ ತಲೆಯ ಫೋಟೋ ತೆಗೆಯುವ ಕೋಣೆಗೆ ಒಯ್ದರು. ಅಲ್ಲಿದ್ದವಳು ಒಬ್ಬ ಎಳೆಯ ವಯಸ್ಸಿನ ಡಾಕ್ಟರ್. ಮರಾಠಿಯಲ್ಲಿ ಶುರು ಮಾಡಿದವಳು ನಮ್ಮ ಮುಖ ನೋಡಿ ಕನ್ನಡಕ್ಕೆ ಬಂದಳು. ಅವಳ ಅಜ್ಜಿ ಕಾಗವಾಡದವಳಂತೆ. ಫೋಟೋ ನೋಡಿಕೊಂಡು ಬಂದು ಕೇಳಿದಳು: "ರಕ್ತಸ್ರಾವ ಇಲ್ಲ. ಮಿದುಳಿನ ನಳಿಗ್ಯಾಗ ರಕ್ತದ ಗಂಟು ಕೂತೈತಿ. ಅಜ್ಜಿ ಛಲೋ ಇದ್ದದ್ದು ಕಡೀ ಸಲ ಯಾವಾಗ ನೋಡಿದ್ರಿ?"

"ಈಗಷ್ಟ ರೀ," ಅಂದ ಮಾಮಾ. "ಅರ್ಧಾ ತಾಸಾತು."

"ಯಾವ ಊರು?"

"ಅಲಖನೂರ ರೀ."

"ಹೆಲಿಕಾಪ್ಟರ್‌ದಾಗ ಬಂದ್ರೇನು?"

ಮಾಮಾ ಕಾಲಿನ ಹೆಬ್ಬೆರಳನ್ನು ನೋಡಿದ. ಡಾಕ್ಟರ್ ಮಾಮಿಯ ಕಡೆ ತಿರುಗಿದಳು.

"ನನಗ ಗೊತ್ತಿಲ್ರಿ," ಅಂದಳು ಮಾಮಿ. "ನಿನ್ನೆ ರಾತ್ರಿ ಉಂಡು ಮಾತಾಡಿ ಮಲಗ್ಯಾರ. ಮುಂಜಾನೆ ನಾ ಅಂಗಳ ಕಸಾ ಹೊಡ್ಯೂದ್ರಾಗ ತಂಬಾಕ ಹಾಕ್ಕೊಂಡು ಕೂತಿದ್ರು. ಚಾ ಕೊಟ್ಟೆ. ಹ್ಞೂಂ ಅಂದ್ರು. ಛಲೋ ಇದ್ರೋ ಇಲ್ಲೋ ಹೆಂಗ ಹೇಳ್ಲಿ? ಯಾವಾಗ್ಲೂ ಹಂಗ ರೀ ಅವರದು."

"ಯಾವಾಗ್ಲೂ ಅಂದ್ರ?"

"ಬಾಯಾಗ ತಂಬಾಕ ಇದ್ರ ಲಕ್ವಾ ಹೊಡದವರಂಗ ಮಾತಾಡ್ತಾರ್ರಿ."

ಡಾಕ್ಟರ್ ನಗಲಿಲ್ಲ. ನಗಬಾರದೆಂದು ಪ್ರಯತ್ನ ಮಾಡಿದ್ದು ಕಾಣಿಸಿತು. "ಹಂಗಾದ್ರ ನಾನು ನಿನ್ನೆ ರಾತ್ರೀದ ಹಿಡೀಬೇಕಾಗತೈತಿ. ಹಂಗ ಹಿಡದ್ರ ಇಂಜೆಕ್ಷನ್ ಕೊಡಾಕ ಬರಂಗಿಲ್ಲ. ಅದನ್ನ ನಾಲ್ಕೂವರಿ ತಾಸಿನ ಒಳಗ ಕೊಡಬೇಕು."

"ಕೊಟ್ಟ ಬಿಡ್ರಿ," ಅಂದ ಮಾಮಾ. "ತಡಾ ಆದ್ರೂ ಔಷಧಿ ಔಷಧೀನ ಅಲ್ರೀ?"

ಆಗ ಅವಳು ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತಳು. ಅವಸರದಲ್ಲೂ ಕೂತು ಹೇಳಿದ್ದಕ್ಕೆ ಆ ಹುಡುಗಿಯನ್ನು ನಾನು ಈಗಲೂ ನೆನೆಯುತ್ತೇನೆ.

"ನೋಡ್ರಿ ಕಾಕಾ. ಈ ಇಂಜೆಕ್ಷನ್ ಒಂದು ಪ್ರೋಟೀನ್. ರಕ್ತದ ಗಂಟು ಕರಗಸೂದು ಅದರ ಕೆಲಸ. ನಮ್ಮ ಮೈಯಾಗೂ ಅದು ಇರತೈತಿ, ಸ್ವಲ್ಪ ಸ್ವಲ್ಪ. ನಾವು ಹೆಚ್ಚಿಗಿ ಕೊಡ್ತೀವಿ. ಆದ್ರ ಮಿದುಳಿನ ನಳಿಗಿ ಅಂದ್ರ ಕೈಕಾಲಿನ ನಳಿಗಿ ಇದ್ದಂಗಲ್ಲ. ಅದಕ್ಕ ಭಾಳ ಬಿಗಿ ಗೋಡಿ ಇರತೈತಿ. ರಕ್ತ ಈಚೀಕಡೆ, ಮಿದುಳು ಆಚೀಕಡೆ. ಕಂಡದ್ದೆಲ್ಲ ಒಳಗ ಬಿಡಂಗಿಲ್ಲ ಆ ಗೋಡಿ. ಈಗ ನಳಿಗ್ಯಾಗ ಗಂಟು ಕೂತದ್ದಕ್ಕ ಆ ಗೋಡಿಗೂ ಅನ್ನ ನೀರು ಇಲ್ಲ. ಹೊತ್ತು ಹೋದಂಗ ಅದು ಮೆತ್ತಗ ಆಗತೈತಿ. ಮೆತ್ತಗಾದ ಮ್ಯಾಲೆ ಇಂಜೆಕ್ಷನ್ ಕೊಟ್ರ ಅದು ಗಂಟು ಅಷ್ಟ ಕರಗಸಂಗಿಲ್ಲ, ಗೋಡಿಗೂ ಕೈ ಹಾಕತೈತಿ. ಸಂದ್ಯಾಗಿನ ಗಾರಿ ಬಿಡಸತೈತಿ. ಗಂಟು ಹೋಗಿ ರಕ್ತ ಒಮ್ಮೆಲೆ ನುಗ್ಗಿದ ಕೂಡ್ಲೆ ಗೋಡಿ..."

"ಕೂಡತೈತಿ," ಅಂದ ಮಾಮಾ.

"ಏನು?"

"ಗೋಡಿ ಕೂಡತೈತ್ರಿ. ಅಡಗಿಮನ್ಯಾಗ." ಅವನ ಮುಖದ ಬಣ್ಣ ಇಳಿದಿತ್ತು. ಆಮೇಲೆ ಅವನ ಬಾಯಿಂದ, ಆಕಳಿಕೆಯಿಲ್ಲದೆ, ಅವನ ಅವ್ವನ ಮಾತು ಹೊರಗೆ ಬಂತು. "ನೆನದ ಗೋಡಿ ಬುಡಕ್ಕ ಯಾರರೆ ನೀರು ಬಿಡ್ತಾರೇನು."

ಡಾಕ್ಟರಿಗೆ ಗೌಂಡಿಯ ಕತೆ ಗೊತ್ತಿರಲಿಲ್ಲ. ಆದರೂ "ಹೌದು, ಅದ," ಅಂದಳು.

"ಅರ್ಧಾ ತಾಸಂತ ಹೇಳಿದ್ದು ಸುಳ್ಳ್ರಿ. ನಾ ಹೊಲದಾಗ ಇದ್ದೆ. ನನಗ ಏನೂ ಗೊತ್ತಿಲ್ಲ."

ಹೀಗೆ ಮಾಮಾನ ಸುಳ್ಳೂ ಕೆಲಸಕ್ಕೆ ಬರಲಿಲ್ಲ, ಮಾಮಿಯ ನಿಜವೂ ಕೆಲಸಕ್ಕೆ ಬರಲಿಲ್ಲ. ಗಾಜಿನ ಆಚೆ ಆಯಿ ಒಂದು ಪಕ್ಕದ ಮುಖ ಇಟ್ಟುಕೊಂಡು ಮಲಗಿದ್ದಳು. ಇಂಜೆಕ್ಷನ್ನು ಇತ್ತು, ಕೊಡುವವಳು ಇದ್ದಳು. ಆಯಿಗೆ ಮಾತು ಎಷ್ಟು ಹೊತ್ತಿಗೆ ಹೋಯಿತೆನ್ನುವುದು ಮಾತ್ರ ಇರಲಿಲ್ಲ. ಯಾಕೆಂದರೆ ಮಾತು ಇದ್ದಾಗಲೂ ಅವಳು ಅದನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದಳು.

ಮಾಮಿ ನನ್ನ ಮೊಣಕೈ ಹಿಡಿದಳು. "ಇವತ್ತ ಬೈದಿದ್ರೇನು?"

"ಯಾರು?"

"ಅತ್ತಿ ಬೇ. ನಾ ಗಿರಣಿಗೆ ಹೋದ ಮ್ಯಾಲೆ ಬೈದಿದ್ರೇನು? ಬೈಬೇಕಾದ್ರ ಬಾಯಿ ತೊಳಕೋತಾರ. ಬಾಯಿ ತೊಳಕೊಂಡಾಗ ಮಾತು ಹೆಂಗಿತ್ತು ಅಂತ ಬೈಸಿಕೊಂಡಾಕಿಗೆ ಗೊತ್ತಿರತೈತಿ."

ನಾನು ಫೋನು ತೆಗೆದೆ. ಗೌಂಡಿಯ ಹೆಂಡತಿ ಮೊದಲ ರಿಂಗಿಗೇ ಎತ್ತಿದಳು. "ಆಯಿ ಹೆಂಗದಾಳ?" ಇದ್ದಾಳೆ ಅಂದೆ. ಇವತ್ತು ನಿನಗೆ ಬೈದಳೇ ಎಂದು ಕೇಳಿದೆ.

"ಈಗ ಅದನ್ನ್ಯಾಕ ತಗೀತಿ ಬೇ? ಬಿಮಾರ್ ಬಿದ್ದಾಕಿ ಮ್ಯಾಲೆ ಚಾಡಿ ಹೇಳ್ಲೇನು ನಾ? ಏನೂ ಬೈದಿಲ್ಲ. ಆಯಿ ನನ್ನ ಕೂಡ ಛಲೋನ ಇರ್ತಾಳ."

ಒಳ್ಳೆಯತನವೂ ಕೆಲವು ಸಲ ಎಂಥ ಹೊತ್ತಿಗೆ ಬರುತ್ತದೆ ನೋಡಿ. ಮಾಮಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ಅಕ್ಕಾ, ಬೈದಿದ್ರ ಅತ್ತಿ ಉಳೀತಾರ. ಬೈದಿಲ್ಲಂದ್ರ ಉಳ್ಯಾಂಗಿಲ್ಲ. ಖರೇ ಹೇಳ."

"ಹಂಗಂದ್ರ ಬೈದಾಳ," ಅಂದಳು ಅವಳು ಕೂಡಲೇ. "ಭಾಳ ಬೈದಾಳ."

ಡಾಕ್ಟರ್ ಫೋನನ್ನು ಸ್ಪೀಕರಿಗೆ ಹಾಕಿದಳು. "ಅಕ್ಕಾರ, ನಾನು ಡಾಕ್ಟರ್. ನಮ್ಮನ್ನ ಖುಷಿ ಮಾಡಾಕ ಹೇಳಬ್ಯಾಡ್ರಿ. ನೀವು ತಪ್ಪು ಹೇಳಿದ್ರ ಅಜ್ಜಿ ಮಿದುಳಿನ್ಯಾಗ ರಕ್ತ ಹೋಗಿ ಸಾಯಬಹುದು. ಬೈದದ್ದು ಯಾವಾಗ?"

"ಎಂಟರ ಭೋಂಗಾಕ್ಕ ರೀ. ಸಕ್ಕರಿ ಫ್ಯಾಕ್ಟರೀದು ಭೋಂಗಾ ಕೂಗ್ತು, ನಮ್ಮವರು ಡಬ್ಬಿ ತಗೊಂಡು ಕೆಲಸಕ್ಕ ಹೊಂಟ್ರು. ಆಡು ಬಿಟ್ಟಿದ್ದೆ. ಅದು ಸೀದಾ ಆಯಿ ಮೆಂತೆಕ್ಕ ಹೋತು. ಗುಳುಗುಳು ಕೇಳಿಸ್ತು. ನಮ್ಮವರು ಓಡಿ ಹೋದ್ರು, ನಾ ಸಿಕ್ಕೆ."

"ಶಬ್ದ ಸ್ಪಷ್ಟ ಇದ್ದುವಾ?"

"ಓಣಿ ತುದೀಗೆ ಕೇಳ್ತಿದ್ದುವು."

"ತೊದಲಲಿಲ್ಲ? ನಡುವ ನಿಲ್ಲಲಿಲ್ಲ?"

"ಆಯಿ ನಿಲ್ಲಾಕಿ ಅಲ್ರಿ."

"ಏನಂತ ಬೈದ್ರು, ಹೇಳ್ರಿ."

"ಗಂಡಸರು ಅದಾರೇನು ಅಲ್ಲೆ?"

ಮಾಮಾ ತಾನಾಗಿಯೇ ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆಯ ಮೇಲಿನ ಹಲ್ಲುಜ್ಜುವ ಚಿತ್ರ ನೋಡುತ್ತ ನಿಂತ. ಗೌಂಡಿಯ ಹೆಂಡತಿ ಗಂಟಲು ಸರಿ ಮಾಡಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ಹೇಳಿದಳು: "ನಿನ್ನ ಆಡಿನ ಹೊಟ್ಟ್ಯಾಗ ನನ್ನ ಮೆಂತೆ ಬೇರು ಬಿಡಲಿ. ನೀ ಬೀಗರಿಗೆ ಇಟ್ಟ ಚಾ ಅವರ ಮುಂದನ ಒಡೀಲಿ. ನಿನ್ನ ಗಂಡ ಕಟ್ಟಿದ ಗೋಡಿ ಅವನ ಗೊರಕಿಗೆ ಬೀಳಲಿ. ಇಷ್ಟು ಮದಲಿಂದ್ರಿ. ಮುಂದಿಂದು ನಾ ಹೇಳಂಗಿಲ್ಲ, ಸಾಯಲಿ ಬದುಕಲಿ."

"ಸಾಕು ಸಾಕು," ಅಂದಳು ಡಾಕ್ಟರ್. "ಬಲಗೈ ಆಡಸ್ತಿದ್ರಾ?"

"ಬಲಗೈಲೆನ ಚಪ್ಪಲಿ ಒಗದಳು."

"ಎಲ್ಲಿ ಬಿತ್ತು?"

"ಆಡಿನ ಡುಬ್ಬದ ಮ್ಯಾಲೆ. ಹಿತ್ತಲ ಆ ತುದೀಗೆ ಇತ್ತು ಆಡು."

ಡಾಕ್ಟರ್ ಕೈಗಡಿಯಾರ ನೋಡಿಕೊಂಡಳು. ಹನ್ನೆರಡು ಹೊಡೆದು ಹೋಗಿತ್ತು. ಹನ್ನೆರಡೂವರೆಯ ತನಕ ಬಾಗಿಲು ತೆರೆದಿತ್ತು, ಆಮೇಲೆ ಇಲ್ಲ. ಅವಳು ಮಾಮಾನನ್ನು ಕರೆದು ಇನ್ನೊಂದು ಸಲ ಹೇಳಿದಳು: ಹೊತ್ತಿನೊಳಗೆ ಕೊಟ್ಟರೂ ಕೆಲವರಿಗೆ ಗೋಡೆ ಸೋರುತ್ತದೆ, ತಲೆಯಲ್ಲಿ ರಕ್ತ ಹರಿಯುತ್ತದೆ. ಕೊಡದಿದ್ದರೆ ಮಾತು, ಬಲಗೈ, ಬಲಗಾಲು ಹೀಗೇ ಉಳಿಯಬಹುದು. ನೀವು ಹ್ಞೂಂ ಅನ್ನಬೇಕು.

ಮಾಮಾ ನನ್ನನ್ನು ನೋಡಿದ. ನಾನು ಮಾಮಿಯನ್ನು ನೋಡಿದೆ. ಮಾಮಿ ಯಾರನ್ನೂ ನೋಡಲಿಲ್ಲ.

"ಹಾಕ್ರಿ," ಅಂದಳು. "ಮದಲನೇ ದಿನಾನ ಗಂಟ ತಗೀಬೇಕಂತ ಅತ್ತಿನ ಹೇಳ್ತಿದ್ರು. ಇವತ್ತ ಮದಲನೇ ದಿನ."

ಮಾಮಾ ಹ್ಞೂಂ ಅಂದ. ಔಷಧಿ ಹನಿಹನಿಯಾಗಿ ಒಂದು ತಾಸು ಇಳಿಯಿತು. ನರ್ಸುಗಳು ಬಂದು ಬಂದು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ಮಾಮಾ ಹೊರಗಿನ ಪಡಸಾಲೆಯ ಗೋಡೆಯನ್ನು ಉಗುರಿನಿಂದ ಕೆರೆಕೆರೆದು ಗಟ್ಟಿ ಇದೆಯೇ ಎಂದು ನೋಡುತ್ತಿದ್ದ. ಬಣ್ಣ ಕಿತ್ತು ಬಂತು. ವಾಚ್‌ಮನ್ ಬಂದು ಮರಾಠಿಯಲ್ಲಿ, ಇದು ನಿಮ್ಮ ಮಾವನ ಮನೆಯ ಗೋಡೆಯೇ ಎಂದು ಕೇಳಿ ಹೋದ.

ಮರುದಿನದ ಫೋಟೋದಲ್ಲಿ ರಕ್ತ ಸೋರಿರಲಿಲ್ಲ. ಗೋಡೆ ನಿಂತಿತ್ತು.

ಆ ದಿನ ಡಾಕ್ಟರ್ ಸ್ವಲ್ಪ ಪುರಸೊತ್ತಾಗಿದ್ದಳು. ನಾನು ಮಾಸ್ತರಿಕೆಯವಳಲ್ಲವೇ, ಕೇಳುವ ಚಟ. ಮೈಯಲ್ಲಿ ಗಂಟು ಕಟ್ಟುವುದು ಯಾರು, ಬಿಡಿಸುವುದು ಯಾರು ಎಂದು ಕೇಳಿದೆ. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಥ್ರಾಂಬಿನ್ ಎಂದು ಒಂದಿದೆಯಂತೆ. ರಕ್ತವನ್ನು ಹೆಪ್ಪುಗಟ್ಟಿಸುವುದು ಅದರ ಧಂದೆ. ಗಾಯವಾದಾಗ ಅದೇ ಜೀವ ಉಳಿಸುತ್ತದೆ. ಅತಿಯಾದರೆ ಮಿದುಳಿನ ಗೋಡೆಯನ್ನೇ ಅಲುಗಿಸುತ್ತದೆ. ಅದರ ಮೂಗುದಾರ ಹಿಡಿಯಲು ಪ್ರೋಟೀನ್ ಸಿ ಎಂದು ಇನ್ನೊಂದು. ಅದು ಎಚ್ಚರಗೊಂಡರೆ ಹೆಪ್ಪಿಗೆ ಕಡಿವಾಣ ಹಾಕುವುದಷ್ಟೇ ಅಲ್ಲ, ಗೋಡೆಯ ಕಣಗಳಿಗೆ ಬಿಗಿಯಾಗಿ ಕೈ ಹಿಡಿದು ನಿಲ್ಲಿರಿ ಎಂದು ಹೇಳುತ್ತದಂತೆ. ತಮಾಷೆ ಏನೆಂದರೆ ಅದನ್ನು ಎಬ್ಬಿಸುವುದೂ ಥ್ರಾಂಬಿನ್ನೇ. ಜಗಳ ತೆಗೆಯುವವನೇ ಜಗಳ ಬಿಡಿಸುವವನನ್ನೂ ಕರೆತರುತ್ತಾನೆ. ಮೂರನೆಯದು ನಮ್ಮ ಆಯಿಗೆ ಕೊಟ್ಟ ಗಂಟು ಕರಗಿಸುವ ಪ್ರೋಟೀನು. ನಳಿಗೆಯೊಳಗೆ ಇದ್ದಷ್ಟು ಹೊತ್ತು ಅದು ದೇವರು. ಗೋಡೆಯ ಆಚೆ ಜಾರಿತೋ, ಗೌಂಡಿಯ ಕೈಯ ಹಾರೆ.

ಮಾಮಾ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡ. "ಅಂದ್ರ ಅವ್ವ ಥ್ರಾಂಬಿನ್," ಅಂದ. "ನನ್ನ ಹೇಣತಿ ಪ್ರೋಟೀನ್ ಸಿ."

"ಮತ್ತ ನೀವು?" ಎಂದು ಕೇಳಿದಳು ಡಾಕ್ಟರ್.

"ಅವರು ರವದಿ ರೀ," ಅಂದಳು ಮಾಮಿ. "ಗಟಾರದಾಗ ಕೂಡೂದು."

ರಕ್ತದೊತ್ತಡದ ಗುಳಿಗೆ ತಗೊಳ್ಳುತ್ತಿದ್ದರೇ ಎಂದೂ ಡಾಕ್ಟರ್ ಕೇಳಿದಳು. ಗುಳಿಗೆ ಇತ್ತು. ಅದನ್ನು ನುಂಗಿದರೆ ಬೈಯುವ ತಾಕತ್ತು ಹೋಗುತ್ತದೆ ಎಂದು ಆಯಿ ಬಿಟ್ಟಿದ್ದಳು. ಇದನ್ನು ಹೇಳಿದ್ದಕ್ಕೆ ಡಾಕ್ಟರ್ ನಮಗೆ ಬೈದಳು. ಕಾಗವಾಡದ ಅಜ್ಜಿಯ ಮೊಮ್ಮಗಳು ಎನ್ನುವುದು ಆಗ ಚೆನ್ನಾಗಿ ಗೊತ್ತಾಯಿತು.

ಗೋಡೆ ನಿಂತರೂ ಮಾತು ಬರಲಿಲ್ಲ. ಬಲಗೈ ಸ್ವಲ್ಪ ಸ್ವಲ್ಪ ಏಳತೊಡಗಿತು. ನುಂಗುವ ಪರೀಕ್ಷೆಯಲ್ಲಿ ಆಯಿ ಪಾಸಾದಳು. ಗಂಜಿ ಕುಡಿದಳು, ನೀರು ಕುಡಿದಳು. ಆದರೆ ಬಾಯಿ ಬಿಟ್ಟರೆ "ಹ್ಞೂಂ." ಮಾತು ಕಲಿಸುವವಳೊಬ್ಬಳು ಬಂದು ಪೆನ್ನು ತೋರಿಸಿ ಇದೇನು ಎಂದು ಕೇಳಿದಳು. ಆಯಿ ಪೆನ್ನನ್ನು ನೋಡಿದಳು, ಅವಳನ್ನು ನೋಡಿದಳು, ಇಷ್ಟು ದೊಡ್ಡವಳಾಗಿ ಪೆನ್ನು ಗೊತ್ತಿಲ್ಲವೇ ಎನ್ನುವ ಹಾಗೆ ನೋಡಿ ಕಣ್ಣು ಮುಚ್ಚಿದಳು. ಮಗನ ಹೆಸರು ಕೇಳಿದರು. "ಹ್ಞೂಂ." ಮಾಮಾ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತ. ಮಾತು ಬರುವುದಿದ್ದರೆ ಮೊದಮೊದಲು ಬರಬೇಕು, ಇಲ್ಲದಿದ್ದರೆ ಬಹಳ ದಿನ ದುಡಿಯಬೇಕು ಎಂದು ಡಾಕ್ಟರ್ ಹೇಳಿದ್ದಳು. ಬಾಯಲ್ಲಿ ತಂಬಾಕಿಲ್ಲದ ಆಯಿ, ಬಾಯಲ್ಲಿ ಮಾತೂ ಇಲ್ಲದ ಆಯಿ. ತಂಬಾಕಿನ ಗೊಣಗಾಟಕ್ಕೆ ನಾನು ಅಷ್ಟು ಹಂಬಲಿಸುತ್ತೇನೆಂದು ಅಂದುಕೊಂಡಿರಲಿಲ್ಲ.

ಒಂದು ಮಧ್ಯಾಹ್ನ ಗೌಂಡಿಯ ಹೆಂಡತಿ ಬಸ್ಸು ಬದಲಿಸಿ ಬದಲಿಸಿ ಮಿರಜಿಗೆ ಬಂದಳು. ಕೈಯಲ್ಲಿ ಬಾಳೆಹಣ್ಣಿನ ಚೀಲ. ಮಂಚದ ಹತ್ತಿರ ನಿಂತು ಆಯಿಯ ಬಲಗೈಯನ್ನು ಎತ್ತಿ ನೋಡಿ ಮೆಲ್ಲಗೆ ಕೆಳಗಿಟ್ಟಳು. ಹೇಗಿದ್ದೀ ಎಂದು ಕೇಳಲಿಲ್ಲ.

"ಆಯಿ," ಅಂದಳು, "ನನ್ನ ಆಡು ನಿನ್ನ ಮೆಂತೆ ಪೂರಾ ತಿಂದು ಮುಗಿಸೇತಿ. ಒಂದ ಎಲಿ ಬಿಟ್ಟಿಲ್ಲ. ಮತ್ತ ಅಲ್ಲೇ ಮಕ್ಕೊಂಡಿತ್ತು."

ಮಾಮಿ ಅವಳ ಸೆರಗು ಹಿಡಿದು ಎಳೆದಳು. ಅವಳು ಬಿಡಿಸಿಕೊಂಡಳು. ಆಯಿ ಕಣ್ಣು ತೆರೆದಳು. ಎರಡೂ ಕಣ್ಣು. ಎಡಗೈ ಎತ್ತಿ ಬೆರಳನ್ನು ದವಡೆಯೊಳಗೆ ಹಾಕಿ, ಅಲ್ಲಿ ಇಲ್ಲದ ತಂಬಾಕನ್ನು ತೆಗೆದು, ಮಂಚದ ಕೆಳಗೆ ಒಗೆದಳು. ಅವಳು ನೀರಿನ ಲೋಟದ ಕಡೆ ಕೈ ತೋರಿಸಿದಳು. ಮಾಮಿ ಲೋಟ ಹಿಡಿದಳು. ಆಯಿ ಬಾಯಿ ತುಂಬಿಸಿಕೊಂಡಳು. ಗುಳುಗುಳು ಎಂದು ಸಪ್ಪಳ ಬಂತು, ಅರ್ಧ ನೀರು ಬಲಗಡೆ ಸೋರಿ ಹೋಯಿತು, ಉಳಿದದ್ದನ್ನು ನರ್ಸಿನ ಬೋಗುಣಿಗೆ ಉಗುಳಿದಳು. ಪಕ್ಕದ ಮಂಚದ ಮುದುಕ ಏನಾಗುತ್ತಿದೆ ಎಂದು ತಿಳಿಯದಿದ್ದರೂ ಎದ್ದು ಕೂತ.

"ನಿನ್," ಅಂದಳು ಆಯಿ.

ಗೌಂಡಿಯ ಹೆಂಡತಿ ಸೆರಗು ಸರಿ ಮಾಡಿಕೊಂಡು ಬೈಸಿಕೊಳ್ಳಲು ತಯಾರಾಗಿ ನಿಂತಳು.

"ನಿನ್ನ ಆಡಿನ... ಹೊಟ್ಟ್ಯಾಗ..." ಆಯಿ ನಿಂತಳು. ಮಾತು ಎಲ್ಲೋ ಕೈಗೆ ಸಿಗದ ಮೂಲೆಯಲ್ಲಿ ಬಿದ್ದಿತ್ತು. ಹಣೆ ಬೆವರಿತು. "ನನ್ನ... ನನ್ನ..."

"ಮೆಂತೆ," ಅಂದಳು ಗೌಂಡಿಯ ಹೆಂಡತಿ.

"ಮೆಂತೆ," ಅಂದಳು ಆಯಿ. "ಬೇರು ಬಿಡಲಿ."

ಮಾಮಾ ಬಾಗಿಲಲ್ಲಿ ಬಂದು ನಿಂತಿದ್ದ. ಈ ಸಲ ಹಿಂದೆ ಸರಿಯಲಿಲ್ಲ. ಆಯಿ ದಮ್ಮು ತಗೊಂಡಳು. ಬೀಗರ ಚಹಾ ಶುರುವಾಯಿತು. ಅದು ಬಹಳ ಹೊತ್ತು ಹಿಡಿಯಿತು, ಒಂದು ಶಬ್ದ ಮರಾಠಿಯಲ್ಲಿ ಬಂತು, ಎರಡು ಸಲ ಪಕ್ಕದವಳು ತುದಿ ಹಿಡಿದು ಕೊಟ್ಟಳು. ಆದರೂ ಚಹಾ ಒಡೆಯಿತು. ಆಮೇಲೆ ಆಯಿ ದಿಂಬಿಗೆ ತಲೆ ಕೊಟ್ಟಳು.

ಗೌಂಡಿಯ ಹೆಂಡತಿ ಕಾಯ್ದಳು. ಏನೂ ಬರಲಿಲ್ಲ. ಅವಳ ಮುಖ ಸ್ವಲ್ಪ ಸಣ್ಣದಾಯಿತು. ಮಂಚದ ಅಂಚಿಗೆ ಬಾಗಿ, "ಆಯಿ, ಗೋಡೀದು ಉಳೀತಲ್ಲ," ಅಂದಳು. "ನಮ್ಮವರ ಗೊರಕಿದು. ಮರತೇನು?"

ಆಯಿ ಕಣ್ಣು ಮುಚ್ಚಿಯೇ ಇದ್ದಳು. ತುಟಿ ಮೆಲ್ಲಗೆ, ಆದರೆ ಎರಡೂ ಬದಿ ಆಡಿತು.

"ಅದು... ಮನಿಗಿ ಬಂದ ಮ್ಯಾಲೆ."